ಉತ್ತರ ಓಡಿದಾಗ ದೊಡ್ಡಪ್ಪ ನಗಲಿಲ್ಲ

ಕಳೆದ ಮಳೆಗಾಲದ ಒಂದು ಶನಿವಾರ ದೊಡ್ಡಪ್ಪನನ್ನು ರವೀಂದ್ರ ಕಲಾಕ್ಷೇತ್ರಕ್ಕೆ ಯಕ್ಷಗಾನ ನೋಡಲು ಕರೆದುಕೊಂಡು ಹೋಗಿದ್ದೆ. ಮಳೆ ಶುರುವಾದ ಮೇಲೆ ಕರಾವಳಿ, ಮಲೆನಾಡಿನ ಕಡೆ ಬಯಲಾಟ ನಿಲ್ಲುತ್ತದೆ. ಕಲಾವಿದರು ಬೆಂಗಳೂರಿಗೆ ಬಂದು ಸೂರಿನಡಿಯಲ್ಲಿ ಆಡುತ್ತಾರೆ. ಅವತ್ತಿನ ಪ್ರಸಂಗ ಉತ್ತರ ಗೋಗ್ರಹಣ.

ಕಥೆ ಎಲ್ಲರಿಗೂ ಗೊತ್ತಿರುವುದೇ. ವಿರಾಟನ ಹಸುಗಳನ್ನು ಕೌರವರು ಹೊಡೆದುಕೊಂಡು ಹೋಗಿದ್ದಾರೆ. ದೊಡ್ಡವರೆಲ್ಲ ಇನ್ನೊಂದು ಕಡೆ ಯುದ್ಧಕ್ಕೆ ಹೋಗಿದ್ದಾರೆ. ಅರಮನೆಯಲ್ಲಿ ಉಳಿದಿರುವವನು ಹುಡುಗ ಉತ್ತರಕುಮಾರ. ಹೆಂಗಸರ ಮುಂದೆ ನಿಂತು ಚೆನ್ನಾಗಿ ಕೊಚ್ಚಿಕೊಳ್ಳುತ್ತಾನೆ. ಒಬ್ಬ ಸಾರಥಿ ಇದ್ದಿದ್ದರೆ ನೋಡಬೇಕಿತ್ತು ನನ್ನ ಕೈಚಳಕ ಅನ್ನುತ್ತಾನೆ. ಸಾರಥಿಯಾಗಿ ಬೃಹನ್ನಳೆ ಸಿಕ್ಕಿಬಿಡುತ್ತಾಳೆ. ರಥ ಊರಾಚೆ ಬರುತ್ತದೆ. ಎದುರಿಗೆ ಸಮುದ್ರದ ಹಾಗೆ ಸೈನ್ಯ.

ಅವತ್ತಿನ ಉತ್ತರ ವೇಷಧಾರಿ ಮೊದಲು ಕಿರೀಟ ಸರಿಮಾಡಿಕೊಂಡ. ಆಮೇಲೆ ಅಂಗೈ ಒರೆಸಿಕೊಂಡ. ಆಮೇಲೆ ಬಿಲ್ಲನ್ನು ಮೆಲ್ಲಗೆ, ಸದ್ದಾಗದ ಹಾಗೆ, ಮಲಗಿದ ಮಗುವನ್ನು ಇಳಿಸುವ ಹಾಗೆ ಕೆಳಗಿಟ್ಟ. ಮರುಕ್ಷಣ ಕಚ್ಚೆ ಎತ್ತಿಕಟ್ಟಿ ರಂಗದಿಂದ ಹಾರಿ ಕುರ್ಚಿಗಳ ಮಧ್ಯೆ ಓಡಿದ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನ ಮಗು ಕುರ್ಚಿ ಮೇಲೆ ಹತ್ತಿ ನಿಂತು ಕೇಕೆ ಹಾಕಿತು. ನಾನೂ ಕಣ್ಣೊರೆಸಿಕೊಳ್ಳುವಷ್ಟು ನಕ್ಕೆ. ಪಕ್ಕಕ್ಕೆ ತಿರುಗಿದರೆ ದೊಡ್ಡಪ್ಪ ಎರಡೂ ಕೈ ಮಂಡಿ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು.

ಮನೆಗೆ ಹೋಗುವಾಗ ಬಸ್ಸಿನಲ್ಲಿ ಕೇಳಿದೆ. "ಚೆನ್ನಾಗಿರ್ಲಿಲ್ವಾ ದೊಡ್ಡಪ್ಪ?"

"ಚೆನ್ನಾಗಿತ್ತು ಕಣಮ್ಮ. ಭಾಗವತರ ಗಂಟಲು ಭಾಳ ಚೆನ್ನಾಗಿತ್ತು." ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು. "ಆ ಹುಡುಗ ಪಾಪ. ಮೊದಲನೇ ಸಲ ಅಲ್ವಾ ಅವನಿಗೆ."

ದೊಡ್ಡಪ್ಪ ಸೇನೆಯ ಇಂಜಿನಿಯರಿಂಗ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವರು. ಹಾಸನದ ಹಳ್ಳಿಯಿಂದ ಬಂದು ಹಲಸೂರು ಕೆರೆ ಪಕ್ಕದ ಎಂಇಜಿ ಸೆಂಟರ್‌ನಲ್ಲಿ ತರಬೇತಿ ಪಡೆದು 'ತಂಬಿ' ಆದವರು. ಆ ದಳದ ಸೈನಿಕರನ್ನು ಕರೆಯುವುದೇ ಹಾಗೆ. ದೊಡ್ಡಪ್ಪನಿಗೆ ಇವತ್ತಿಗೂ ಸಿಟ್ಟು ಬಂದರೆ ತಮಿಳು ಬರುತ್ತದೆ. 1971ರ ಡಿಸೆಂಬರ್‌ನಲ್ಲಿ, ಇಪ್ಪತ್ತೆರಡು ವರ್ಷದ ಹುಡುಗನಾಗಿ, ಪಶ್ಚಿಮದ ಗಡಿಯಲ್ಲಿ ಶಕರ್‌ಗಢದ ಕಡೆ ನೆಲಬಾಂಬ್ ತೆಗೆಯುವ ಕೆಲಸದಲ್ಲಿದ್ದರು. ಇಷ್ಟು ನಮಗೆಲ್ಲ ಗೊತ್ತು. ಇದಕ್ಕಿಂತ ಜಾಸ್ತಿ ಗೊತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಯಾರಾದರೂ ಯುದ್ಧದ ಕಥೆ ಕೇಳಿದರೆ ಅವರ ಹತ್ತಿರ ಒಂದೇ ಕಥೆ. ಶೆಲ್ ಬೀಳಲು ಶುರುವಾದಾಗ ಎಲ್ಲರೂ ಟ್ರೆಂಚಿಗೆ ಹಾರಿದರಂತೆ. ಲಂಗರ್‌ನ ಅಡುಗೆಯವನು ಮಾತ್ರ ಸಾಂಬಾರಿನ ಡೇಕ್ಷವನ್ನು ಅಪ್ಪಿಕೊಂಡೇ ಹಾರಿದನಂತೆ. ಮೂರು ಜನಕ್ಕೆ ಗಾಯ, ಎಲ್ಲವೂ ಸಾಂಬಾರಿನಿಂದ. ಎಲ್ಲರೂ ನಗುತ್ತಾರೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ಬಸ್ಸಿನಲ್ಲಿ ಅವರು ಆಡಿದ ಆ ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿತು. ಅದಾದ ಮೇಲೆ ನಾನು ಯುದ್ಧದ ಕಾದಂಬರಿಗಳನ್ನು ಒಂದು ಹುಚ್ಚಿನ ಹಾಗೆ ಓದಿದ್ದೇನೆ. ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಗಳಲ್ಲಿ ಅವು ಬೇಕಾದಷ್ಟು ಸಿಗುತ್ತವೆ. ಯಾರು ಗೆದ್ದರು, ಯಾವ ಬೆಟ್ಟ ಹಿಡಿದರು ಅನ್ನುವುದೆಲ್ಲ ನನಗೆ ಬೇಡ. ನಾನು ಹುಡುಕುವುದು ಒಂದೇ ಪುಟ. ಸೈನಿಕನಿಗೆ ಹೆದರಿಕೆಯಾಗುವ ಪುಟ. ಅದನ್ನು ಓದಿದರೆ ಸಾಕು, ಬರೆದವನು ಸುಳ್ಳನೋ ಅಲ್ಲವೋ ಅನ್ನುವುದು ಸುಮಾರಾಗಿ ಗೊತ್ತಾಗುತ್ತದೆ.

ಸುಳ್ಳು ಬರೆಯುವವರಲ್ಲಿ ಭಯ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಎದೆ ಡವಡವ ಅಂತು, ಬಾವುಟ ನೆನಪಾಯಿತು, ಅಮ್ಮ ನೆನಪಾದಳು, ಮುನ್ನುಗ್ಗಿದ. ಸಿನಿಮಾದಲ್ಲಂತೂ ಅಷ್ಟೂ ಇರುವುದಿಲ್ಲ. ನನ್ನ ತಲೆಮಾರಿನವರಿಗೆ ಸೈನಿಕ ಅಂದರೆ 'ಮುತ್ತಿನ ಹಾರ'ದ ವಿಷ್ಣುವರ್ಧನ್. ಆ ಮುಖದಲ್ಲಿ ಭಯ ಕಂಡಿದ್ದರೆ ನಾವೇ ಒಪ್ಪುತ್ತಿರಲಿಲ್ಲವೇನೋ.

ನಿಜ ಬರೆದವರಲ್ಲಿ ನನಗೆ ಎಲ್ಲರಿಗಿಂತ ಮೇಲೆ ಕಾಣುವವನು ಟಾಲ್‌ಸ್ಟಾಯ್. ಅವನು ಸ್ವತಃ ಸೆವಾಸ್ತೊಪೋಲ್ ಮುತ್ತಿಗೆಯಲ್ಲಿ ಫಿರಂಗಿ ದಳದ ಅಧಿಕಾರಿಯಾಗಿದ್ದವನು. 'ಯುದ್ಧ ಮತ್ತು ಶಾಂತಿ'ಯಲ್ಲಿ ನಿಕೊಲಾಯ್ ರಸ್ತೋವ್ ಅಂತ ಒಬ್ಬ ಹುಡುಗ ಬರುತ್ತಾನೆ. ಜಮೀನ್ದಾರರ ಮನೆಯ ಮುದ್ದಿನ ಮಗ. 1805ರಲ್ಲಿ ಷೋನ್‌ಗ್ರಾಬೆರ್ನ್ ಅನ್ನುವಲ್ಲಿ ಅಶ್ವದಳದ ಜೊತೆ ನುಗ್ಗುತ್ತಾನೆ. ಕುದುರೆಗೆ ಗುಂಡು ಬಿದ್ದು ನೆಲಕ್ಕುರುಳುತ್ತಾನೆ. ತಲೆ ಎತ್ತಿ ನೋಡಿದರೆ ಯಾರೋ ಕೆಲವರು ಓಡಿ ಬರುತ್ತಿದ್ದಾರೆ. ಓಹ್, ಸಹಾಯಕ್ಕೆ ಬರುತ್ತಿದ್ದಾರೆ ಅಂದುಕೊಳ್ಳುತ್ತಾನೆ. ಅವರು ಫ್ರೆಂಚರು ಅಂತ ತಿಳಿದ ಮೇಲೂ ನಂಬಿಕೆ ಬರುವುದಿಲ್ಲ. ಇವರು ನನ್ನನ್ನು ಕೊಲ್ಲಲು ಬರುತ್ತಿದ್ದಾರಾ? ನನ್ನನ್ನಾ? ಎಲ್ಲರಿಗೂ ನಾನೆಂದರೆ ಅಷ್ಟು ಪ್ರೀತಿ ಅಲ್ವಾ?

ಈ ಜಾಗದಲ್ಲಿ ಪುಸ್ತಕ ಮಡಚಿಟ್ಟು ಬಾಲ್ಕನಿಗೆ ಹೋಗಿ ನಿಂತಿದ್ದೆ. ಸಾವಿನ ಭಯ ಅಂದರೆ ಕತ್ತಲೆ, ಶೂನ್ಯ, ಅಂಥದ್ದೇನೋ ಅಂತ ನಾವು ಅಂದುಕೊಂಡಿರುತ್ತೇವೆ. ಇಲ್ಲಿ ಆ ಹುಡುಗನಿಗೆ ಆಗುವುದು ಬೇಜಾರು. ಮನೆಯಲ್ಲಿ ಎಲ್ಲರೂ ಮುದ್ದು ಮಾಡಿದ ನನ್ನನ್ನು ಗುರುತು ಪರಿಚಯ ಇಲ್ಲದವರೊಬ್ಬರು ಕೊಲ್ಲಲು ಬರುವುದು ಅವನಿಗೆ ಅನ್ಯಾಯ ಅನ್ನಿಸುತ್ತದೆ. ಕೈಯಲ್ಲಿ ಪಿಸ್ತೂಲಿದೆ. ಗುಂಡು ಹಾರಿಸುವ ಬದಲು ಪಿಸ್ತೂಲನ್ನೇ ಕಲ್ಲಿನ ಹಾಗೆ ಫ್ರೆಂಚನ ಕಡೆ ಎಸೆದು, ನಾಯಿಗಳು ಅಟ್ಟಿಸಿಕೊಂಡು ಬಂದ ಮೊಲದ ಹಾಗೆ ಪೊದೆಗಳ ಕಡೆ ಓಡುತ್ತಾನೆ.

ಪಿಸ್ತೂಲು ಎಸೆಯುವ ಆ ವಿವರ ಸುಮ್ಮನೆ ಕೂತು ಯೋಚಿಸಿದರೆ ಹೊಳೆಯುವಂಥದ್ದಲ್ಲ. ಭಯದಲ್ಲಿ ಮೈ ವಯಸ್ಸು ಮರೆಯುತ್ತದೆ. ನಾಯಿಗೆ ಕಲ್ಲು ಬೀಸುವ ಹುಡುಗ ವಾಪಸ್ ಬರುತ್ತಾನೆ.

ಆದರೆ ಟಾಲ್‌ಸ್ಟಾಯ್ ಇಷ್ಟಕ್ಕೆ ಬಿಡುವುದಿಲ್ಲ. ಪುಟಗಳನ್ನು ಹಿಂದೆ ತಿರುಗಿಸಿ ಇನ್ನೊಮ್ಮೆ ಓದಿಸುವ ಒಂದು ದೃಶ್ಯ ಮುಂದೆ ಇಟ್ಟಿದ್ದಾನೆ. ರಸ್ತೋವ್ ಬದುಕಿ ಬಂದು ಗೆಳೆಯರ ಮುಂದೆ ಆ ದಿನದ ಕಥೆ ಹೇಳುತ್ತಾನೆ. ನಿಜ ಹೇಳಬೇಕು ಅಂತಲೇ ಶುರು ಮಾಡುತ್ತಾನೆ. ಕೇಳುವವರ ಕಣ್ಣಲ್ಲಿ ಒಂದು ಕಥೆ ಆಗಲೇ ತಯಾರಾಗಿದೆ. ಕುದುರೆ ದಳ ಹೇಗೆ ಬಿರುಗಾಳಿಯ ಹಾಗೆ ನುಗ್ಗಿತು, ಕತ್ತಿ ಹೇಗೆ ಬೀಸಿತು ಅನ್ನುವ ಕಥೆ. ಕುದುರೆಯಿಂದ ಬಿದ್ದೆ, ಕೈ ಉಳುಕಿತು, ಓಡಿದೆ ಅಂದರೆ ಅವರು ನಂಬುವುದಿಲ್ಲ. ಅಥವಾ ಇವನದೇ ಏನೋ ಕೊರತೆ ಅಂದುಕೊಳ್ಳುತ್ತಾರೆ. ಹಾಗಾಗಿ ಅವನಿಗೇ ಗೊತ್ತಾಗದ ಹಾಗೆ ಕಥೆ ಜಾರುತ್ತದೆ. ಕೊನೆಗೆ ಅವರಿಗೆ ಬೇಕಾದ ಕಥೆಯನ್ನೇ ಹೇಳಿ ಮುಗಿಸುತ್ತಾನೆ. ಅವನು ಸುಳ್ಳುಗಾರನಲ್ಲ. ಆದರೂ ಸುಳ್ಳು ಹೇಳಿದ.

ಇದನ್ನು ಓದಿದಾಗ ನನಗೆ ಸಾಂಬಾರಿನ ಡೇಕ್ಷ ನೆನಪಾಗದೆ ಇರಲಿಲ್ಲ.

ಹಾಗಂತ ಯುದ್ಧ ನೋಡಿದವನೇ ಬರೆಯಬೇಕು ಅಂತೇನಿಲ್ಲ. ಸ್ಟೀಫನ್ ಕ್ರೇನ್ ಹುಟ್ಟಿದ್ದು 1871ರಲ್ಲಿ. ಅಮೆರಿಕದ ಅಂತರ್ಯುದ್ಧ ಮುಗಿದಿದ್ದು 1865ರಲ್ಲಿ. ಆ ಯುದ್ಧದ ಬಗ್ಗೆ ಅವನು ಬರೆದ 'ದಿ ರೆಡ್ ಬ್ಯಾಡ್ಜ್ ಆಫ್ ಕರೇಜ್' 1895ರಲ್ಲಿ ಪುಸ್ತಕವಾಗಿ ಬಂತು. ಅಲ್ಲಿಯವರೆಗೂ ಅವನು ಒಂದು ಕಾಳಗವನ್ನೂ ಕಂಡವನಲ್ಲ. ಆಮೇಲೆ ಪತ್ರಕರ್ತನಾಗಿ ಗ್ರೀಸ್‌ಗೂ ಕ್ಯೂಬಾಕ್ಕೂ ಹೋಗಿ ಯುದ್ಧ ನೋಡಿದ.

ಅದರಲ್ಲಿ ಹೆನ್ರಿ ಫ್ಲೆಮಿಂಗ್ ಮೊದಲ ದಾಳಿಗೆ ನಿಲ್ಲುತ್ತಾನೆ. ಮುಗಿಯಿತಪ್ಪ ಅಂತ ಉಸಿರು ಬಿಡುವಷ್ಟರಲ್ಲಿ ಶತ್ರು ಮತ್ತೆ ಬರುತ್ತಾನೆ. ಆಗ ಓಡುತ್ತಾನೆ. ಇದು ಸರಿಯಾದ ಜಾಗ. ಒಂದು ಸಲಕ್ಕೆ ಅಂತ ಒಟ್ಟುಮಾಡಿಟ್ಟುಕೊಂಡ ಧೈರ್ಯ ಎರಡನೇ ಸಲಕ್ಕೆ ಸಾಲುವುದಿಲ್ಲ. ಓಡಿದ ಮೇಲೆ ಗೊತ್ತಾಗುತ್ತದೆ, ತನ್ನ ದಳ ಸೋಲಲಿಲ್ಲ, ನಿಂತು ಗೆದ್ದಿದೆ ಅಂತ. ಅವನಿಗೆ ಖುಷಿಯಾಗಬೇಕಿತ್ತು ಅಲ್ವಾ? ಮೋಸ ಹೋದಂತಾಗುತ್ತದೆ. ಎಲ್ಲರೂ ಸತ್ತಿದ್ದರೆ ತಾನು ಜಾಣನಾಗುತ್ತಿದ್ದೆ! ಕಾಡಿನಲ್ಲಿ ಒಂದು ಅಳಿಲಿಗೆ ಮರದ ಕಾಯಿ ಎಸೆಯುತ್ತಾನೆ. ಅದು ಪಟಪಟ ಮರ ಹತ್ತಿ ಓಡುತ್ತದೆ. ನೋಡಿ, ಪ್ರಕೃತಿಯ ನಿಯಮವೇ ಇದು, ಅಳಿಲೂ ಓಡುತ್ತದೆ ಅಂತ ಸಮಾಧಾನ ಮಾಡಿಕೊಳ್ಳುತ್ತಾನೆ. ಕೊನೆಗೆ ಅವನ ತಲೆಗೆ ಗಾಯವಾಗುವುದೂ ಶತ್ರುವಿನಿಂದಲ್ಲ. ಓಡಿಹೋಗುತ್ತಿದ್ದ ತನ್ನ ಕಡೆಯವನೇ ಒಬ್ಬ ಬಂದೂಕಿನ ಹಿಡಿಯಿಂದ ಕುಟ್ಟಿದ್ದು. ದಳದವರು ಅದನ್ನು ಗುಂಡೇಟು ಅಂದುಕೊಂಡು ಉಪಚಾರ ಮಾಡುತ್ತಾರೆ. ಇವನು ಬಾಯಿ ಬಿಡುವುದಿಲ್ಲ. ಪುಸ್ತಕದ ಹೆಸರಿನ ಕೆಂಪು ಪದಕ ಅಂದರೆ ಇದೇ.

ರೆಮಾರ್ಕ್‌ನ 'ಆಲ್ ಕ್ವೈಟ್ ಆನ್ ದ ವೆಸ್ಟರ್ನ್ ಫ್ರಂಟ್' ಬಂದಿದ್ದು 1929ರಲ್ಲಿ. ಅಲ್ಲಿ ಹೊಸದಾಗಿ ಬಂದ ಎಳೆ ಹುಡುಗನೊಬ್ಬ ಶೆಲ್ ದಾಳಿಯಲ್ಲಿ ಮಗುವಿನ ಹಾಗೆ ಕಥಾನಾಯಕ ಪೌಲ್‌ನ ಮೈಗೆ ಒರಗಿಕೊಳ್ಳುತ್ತಾನೆ. ದಾಳಿ ನಿಂತ ಮೇಲೆ ಅವನ ಚಡ್ಡಿ ಹೊಲಸಾಗಿರುತ್ತದೆ. ಪೌಲ್ ನಗುವುದಿಲ್ಲ. ಮೊದಲ ಸಲ ಬಹಳ ಜನಕ್ಕೆ ಹೀಗಾಗಿದೆ, ಆ ಪೊದೆ ಹಿಂದೆ ಹೋಗಿ ಚಡ್ಡಿ ಎಸೆದು ಬಾ ಅನ್ನುತ್ತಾನೆ. ದೊಡ್ಡಪ್ಪ ಬಸ್ಸಿನಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದೇ ಮಾತು. ಅವರು ರೆಮಾರ್ಕ್ ಓದಿದವರಲ್ಲ.

ಅದೇ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆ ಓಡಿಹೋದರು, ಹೇಡಿತನ ತೋರಿದರು ಅನ್ನುವಂಥ ತಪ್ಪಿಗೆ ತನ್ನವರನ್ನೇ ನಿಲ್ಲಿಸಿ ಗುಂಡಿಕ್ಕಿತು. 1915ರಲ್ಲೇ 'ಶೆಲ್ ಶಾಕ್', ಅಂದರೆ ಯುದ್ಧದ ಆಘಾತಕ್ಕೆ ಮನಸ್ಸು ಕೆಡುವುದು, ಅನ್ನುವ ಮಾತು ವೈದ್ಯ ಪತ್ರಿಕೆಯಲ್ಲಿ ಬಂದಿತ್ತು. ಆದರೂ ಬೆಳಗಿನ ಜಾವದ ಗುಂಡು ನಿಲ್ಲಲಿಲ್ಲ. ಅಂಥ 306 ಜನಕ್ಕೆ ಕ್ಷಮೆ ಸಿಕ್ಕಿದ್ದು 2006ರಲ್ಲಿ.

ಇಷ್ಟೆಲ್ಲ ಓದುವಾಗ ಮತ್ತೆ ಮತ್ತೆ ಕಣ್ಣಿಗೆ ಬಿದ್ದ ಸಂಗತಿ ಒಂದಿದೆ. ಒಳ್ಳೆಯ ಯುದ್ಧದ ಕಥೆಗಳಲ್ಲಿ ಸೈನಿಕ ಸಾವಿಗೆ ಹೆದರುವುದಕ್ಕಿಂತ ಜಾಸ್ತಿ ಹೆದರುವುದು ಪಕ್ಕದವನ ಕಣ್ಣಿಗೆ. ವಿಯೆಟ್ನಾಂನಲ್ಲಿ ಹೋರಾಡಿ ಬಂದ ಟಿಮ್ ಒಬ್ರಿಯನ್ ಇದನ್ನು 1990ರಲ್ಲಿ ಬಂದ 'ದಿ ಥಿಂಗ್ಸ್ ದೇ ಕ್ಯಾರೀಡ್'ನಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಅವನ ಸೈನಿಕರು ಕೊಲ್ಲುತ್ತಾರೆ, ಸಾಯುತ್ತಾರೆ. ಯಾಕೆಂದರೆ ಹಾಗೆ ಮಾಡದಿದ್ದರೆ ನಾಚಿಕೆ. ಅವನದೇ ಹೆಸರಿನ ಪಾತ್ರವೊಂದು ಕೆನಡಾದ ಗಡಿಯ ಹೊಳೆವರೆಗೂ ಹೋಗಿ, ದಾಟಲು ಧೈರ್ಯವಿಲ್ಲದೆ ಅತ್ತು, ಯುದ್ಧಕ್ಕೆ ಹೋಗುತ್ತದೆ. ನಾನು ಹೇಡಿ, ಅದಕ್ಕೇ ಯುದ್ಧಕ್ಕೆ ಹೋದೆ ಅನ್ನುತ್ತದೆ.

ಇದನ್ನು ಓದಿ ಎಂಥ ಹೊಸ ಮಾತಪ್ಪ ಅಂದುಕೊಂಡಿದ್ದೆ. ಆಮೇಲೆ ನಮ್ಮ ಮನೆಯ ದೇವರ ಗೂಡಿನಲ್ಲೇ ಇದ್ದ ಪುಸ್ತಕ ನೆನಪಾಯಿತು. ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನ ತನ್ನ ಮೈಗೆ ಏನೇನಾಗುತ್ತಿದೆ ಅಂತ ಹೇಳಿಕೊಳ್ಳುತ್ತಾನೆ. ಕೈಕಾಲು ಸೋಲುತ್ತಿವೆ, ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ರೋಮ ನಿಮಿರುತ್ತಿದೆ, ಗಾಂಡೀವ ಕೈಯಿಂದ ಜಾರುತ್ತಿದೆ, ಚರ್ಮ ಉರಿಯುತ್ತಿದೆ, ನಿಲ್ಲಲಾಗುತ್ತಿಲ್ಲ. ಇವತ್ತಿನ ಡಾಕ್ಟರ್ ಕೇಳಿದರೆ ಅಡ್ರಿನಲಿನ್ ಅನ್ನುತ್ತಾರೆ. ಅದು ಏರಿದಾಗ ರಕ್ತ ಹೊಟ್ಟೆ ಬಿಟ್ಟು ದೊಡ್ಡ ಸ್ನಾಯುಗಳ ಕಡೆ ಓಡುತ್ತದೆ, ಎಂಜಲು ಒಣಗುತ್ತದೆ, ಬೆರಳು ನಡುಗುತ್ತದೆ. ಇಲ್ಲ ಇಲ್ಲ, ಅವನಿಗಾಗಿದ್ದು ಭಯ ಅಲ್ಲ, ನೆಂಟರ ಮೇಲಿನ ಕರುಣೆ ಅಂತ ನನ್ನ ಅಮ್ಮ ತಕ್ಷಣ ವಾದಕ್ಕೆ ಬರುತ್ತಾಳೆ. ಗೀತೆಯೂ ಹಾಗೇ ಹೇಳುತ್ತದೆ, ಒಪ್ಪಿದೆ. ಆದರೆ ಮೈಗೆ ಈ ವ್ಯತ್ಯಾಸ ಗೊತ್ತಿರುತ್ತದಾ?

ಎರಡನೇ ಅಧ್ಯಾಯದಲ್ಲಿ ಕೃಷ್ಣ ಆತ್ಮಕ್ಕೆ ಸಾವಿಲ್ಲ ಅನ್ನುವುದರ ಜೊತೆಗೆ ಇನ್ನೊಂದು ಮಾತೂ ಹೇಳುತ್ತಾನೆ. ಮಹಾರಥರೆಲ್ಲ ನೀನು ಹೆದರಿ ಯುದ್ಧ ಬಿಟ್ಟೆ ಅಂದುಕೊಳ್ಳುತ್ತಾರೆ. ಮರ್ಯಾದಸ್ಥನಿಗೆ ಕೆಟ್ಟ ಹೆಸರು ಸಾವಿಗಿಂತ ಕೆಟ್ಟದ್ದು. ಅಂದರೆ ನಾಲ್ಕು ಜನ ಏನಂತಾರೆ! ಒಬ್ರಿಯನ್ ಬರೆದಿದ್ದೂ ಇದನ್ನೇ. ಒಂದೇ ವ್ಯತ್ಯಾಸ, ಅವನು ಆ ಮಾತಿಗೆ ಬಲಿಯಾದವನ ಕಡೆಯಿಂದ ಬರೆದಿದ್ದಾನೆ.

ರನ್ನನ ಗದಾಯುದ್ಧದ ಸಾಲೊಂದು ಕನ್ನಡ ಓದಿದ ಎಲ್ಲರಿಗೂ ಬಾಯಿಗೆ ಬರುತ್ತದೆ: "ನೀರೊಳಗಿರ್ದುಂ ಬೆಮರ್ತನುರಗಪತಾಕಂ." ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ದಡದಲ್ಲಿ ಭೀಮ ಗರ್ಜಿಸುತ್ತಾನೆ. ನೀರೊಳಗಿದ್ದರೂ ಇವನು ಬೆವರುತ್ತಾನೆ. ಯಾಕೆ ಬೆವರಿದ ಅಂತ ನಮ್ಮ ಕಾಲೇಜಿನಲ್ಲಿ ಪರೀಕ್ಷೆಗೆ ಕೇಳುತ್ತಿದ್ದರು. ಕೋಪದಿಂದ ಅಂತ ಬರೆದರೆ ಪೂರ್ತಿ ಅಂಕ. ಕೋಪದಿಂದ ಕಣ್ಣು ಕೆಂಪಾಗಿತ್ತು ಅಂತ ರನ್ನನೇ ಹೇಳಿದ್ದಾನೆ, ಹಾಗಾಗಿ ಮೇಷ್ಟ್ರ ತಪ್ಪೇನಿಲ್ಲ. ಆದರೆ ನನಗೆ ಈಗ ಅನ್ನಿಸುವುದು, ರನ್ನ ಕಣ್ಣನ್ನು ಕೋಪಕ್ಕೆ ಕೊಟ್ಟು ಬೆವರಿನ ಮಾಲೀಕ ಯಾರು ಅನ್ನುವುದನ್ನು ಬಾಯಿಬಿಟ್ಟು ಹೇಳದೆ ಬಿಟ್ಟಿದ್ದಾನೆ ಅಂತ. ಹತ್ತನೇ ಶತಮಾನದ ಕವಿಗೆ ಅಷ್ಟು ಜಾಣತನ ಇರಲಿಲ್ಲ ಅಂದುಕೊಳ್ಳಲು ನಾನು ತಯಾರಿಲ್ಲ.

ಇನ್ನು ಕುಮಾರವ್ಯಾಸನ ಉತ್ತರ. "ಹಸಿದ ಮಾರಿಯ ಮಂದೆಯಲಿ ಕುರಿ ನುಸುಳಿದಂತಾದೆನು" ಅನ್ನುತ್ತಾನೆ. ಹಸಿದ ಮಾರಿಯ ಹಿಂಡಿನೊಳಕ್ಕೆ ತಾನಾಗೇ ನುಗ್ಗಿದ ಕುರಿ! ಭಯಕ್ಕೆ ಇದಕ್ಕಿಂತ ಸರಿಯಾದ ಹೋಲಿಕೆ ನಾನು ಓದಿದ ಯಾವ ಕಾದಂಬರಿಯಲ್ಲೂ ಸಿಕ್ಕಿಲ್ಲ. ಆ ಕುರಿಯನ್ನು ಯಾರೂ ಎಳೆದು ತಂದಿಲ್ಲ, ಅದೇ ನುಸುಳಿ ಬಂದಿದೆ. ಕೊಚ್ಚಿಕೊಂಡಿದ್ದರ ನಾಚಿಕೆಯೂ ಸಾವಿನ ಭಯವೂ ಒಂದೇ ಸಾಲಿನಲ್ಲಿವೆ. ನಾವು ಮಾತ್ರ ಇದನ್ನೆಲ್ಲ ಹಿಂಡಿ 'ಉತ್ತರನ ಪೌರುಷ ಒಲೆ ಮುಂದೆ' ಅನ್ನುವ ಗಾದೆ ಉಳಿಸಿಕೊಂಡಿದ್ದೇವೆ.

ಹೆಲ್ಲರ್‌ನ 'ಕ್ಯಾಚ್-22' ಓದುವಾಗಲೂ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ. ಹೆಲ್ಲರ್ ಎರಡನೇ ಮಹಾಯುದ್ಧದಲ್ಲಿ 60 ಸಲ ಬಾಂಬರ್ ವಿಮಾನದಲ್ಲಿ ಹಾರಿದವನು. ಅಲ್ಲಿ ಭಯಪಡುವ ಯೊಸ್ಸಾರಿಯನ್ ಒಬ್ಬನೇ ತಲೆ ನೆಟ್ಟಗಿರುವವನು. ನಗು ಅವನ ಮೇಲಲ್ಲ, ಅವನನ್ನು ಕಳಿಸುವವರ ಮೇಲೆ. ಉತ್ತರನ ವಿಷಯದಲ್ಲಿ ನಾವು ನಗುವುದು ಹುಡುಗನ ಮೇಲೆ. ಕರ್ಣ, ದ್ರೋಣರ ಎದುರಿಗೆ ಒಬ್ಬ ಹುಡುಗನನ್ನು ಒಂದೇ ರಥದಲ್ಲಿ ಕಳಿಸಿಕೊಟ್ಟ ಅರಮನೆಯ ಮೇಲೆ ಯಾರೂ ನಗುವುದಿಲ್ಲ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಓಡಿದ ಉತ್ತರನನ್ನು ಅರ್ಜುನ ಹಿಡಿದು ತಂದ ಮೇಲೆ ರಥದ ಹಗ್ಗ ಹಿಡಿಯುವುದು ಯಾರು? ಅದೇ ಹುಡುಗ. ಯುದ್ಧ ಮುಗಿಯುವವರೆಗೂ ಬಾಣಗಳ ನಡುವೆ ಕುದುರೆ ಓಡಿಸುವವನು ಅವನೇ. ಅಷ್ಟೇ ಅಲ್ಲ, ಕುರುಕ್ಷೇತ್ರದಲ್ಲಿ ಮೊದಲನೇ ದಿನವೇ ಆನೆ ಮೇಲೆ ಕೂತು ಶಲ್ಯನ ಮೇಲೆ ನುಗ್ಗುತ್ತಾನೆ, ಅವನ ರಥದ ಕುದುರೆಗಳನ್ನು ಕೊಲ್ಲುತ್ತಾನೆ, ಶಲ್ಯನ ಕೈಯಲ್ಲಿ ಸಾಯುತ್ತಾನೆ. ಮೊದಲ ದಿನ ಸತ್ತವರಲ್ಲಿ ಅವನೊಬ್ಬ. ಇದು ನನಗೆ ಮೂವತ್ತೈದು ವರ್ಷ ಆಗುವವರೆಗೂ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತಾ?

ನಮ್ಮ ಬೆಂಗಳೂರು ಒಂದು ಲೆಕ್ಕದಲ್ಲಿ ಸೈನಿಕರ ಊರು. ಬ್ರಿಗೇಡ್ ರಸ್ತೆ, ಇನ್‌ಫೆಂಟ್ರಿ ರಸ್ತೆ, ಈಗ ಕಾಮರಾಜ ರಸ್ತೆಯಾಗಿರುವ ಕ್ಯಾವಲ್ರಿ ರಸ್ತೆ. ಆ ಹೆಸರುಗಳಲ್ಲಿ ನಾವು ಚಪ್ಪಲಿ ಕೊಳ್ಳುತ್ತೇವೆ. ಬ್ರಿಗೇಡ್ ರಸ್ತೆ ರೆಸಿಡೆನ್ಸಿ ರಸ್ತೆಗೆ ಸೇರುವಲ್ಲಿ ಯುದ್ಧ ಸ್ಮಾರಕ ಇದೆ, ಸಿಗ್ನಲ್ ಬಿಡುವವರೆಗೆ ಅದನ್ನು ನೋಡುತ್ತಾ ನಿಂತಿರುತ್ತೇವೆ. ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೆಷಿನ್‌ಗನ್ ಎದುರಿಗೆ ಭರ್ಜಿ ಹಿಡಿದು ಕುದುರೆ ಓಡಿಸಿದ ದಳದ್ದು. ಆ ಬೆಳಿಗ್ಗೆ ಅವರಲ್ಲಿ ಒಬ್ಬನಿಗೆ ಹೊಟ್ಟೆ ಕೆಟ್ಟಿತ್ತಾ, ಒಬ್ಬ ವಾಂತಿ ಮಾಡಿಕೊಂಡನಾ ಅನ್ನುವುದನ್ನು ಯಾವ ಕಲ್ಲೂ ಹೇಳುವುದಿಲ್ಲ.

ಕಲ್ಲುಗಳೇ ಹಾಗೆ. ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಒಂದು ಭಾನುವಾರ ಹೋಗಿದ್ದೆ. 'ಬೆಂಗಳೂರು' ಅನ್ನುವ ಹೆಸರು ಸಿಗುವ ಹಳೆಯ ಶಾಸನ ಅಲ್ಲಿದೆ, ಸುಮಾರು 890ರದ್ದು. ಬೆಂಗಳೂರಿನ ಕಾಳಗದಲ್ಲಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ನಮ್ಮ ಊರಿನ ಹೆಸರು ಬರವಣಿಗೆಗೆ ಬಂದಿದ್ದೇ ಒಂದು ಸಾವಿನ ಜೊತೆ. ಸಾಮಾನ್ಯವಾಗಿ ವೀರಗಲ್ಲಿನಲ್ಲಿ ಮೂರು ಪಟ್ಟಿಕೆ ಇರುತ್ತವೆ. ಕೆಳಗೆ ಕಾದಾಟ, ಮಧ್ಯೆ ಅಪ್ಸರೆಯರು ಕರೆದುಕೊಂಡು ಹೋಗುವುದು, ಮೇಲೆ ಕೈಲಾಸ. ಕೆಳಗಿನದಕ್ಕೂ ಮಧ್ಯದ್ದಕ್ಕೂ ನಡುವೆ ಒಂದು ಗೆರೆ ಇರುತ್ತದೆ. ಕಾದಂಬರಿಗೆ ಕೆಲಸ ಇರುವುದು ಆ ಗೆರೆಯಲ್ಲಿ.

ಕನ್ನಡದಲ್ಲಿ ಆ ಕೆಲಸ ಕಡಿಮೆ ಆಗಿದೆ ಅಂತ ನನ್ನ ಅನಿಸಿಕೆ. ಕೊಡಗು, ಹಾಸನ, ಬೆಳಗಾವಿ ಕಡೆಯಿಂದ ಎಷ್ಟೊಂದು ಜನ ಸೇನೆಗೆ ಹೋದರು. ಅವರು ನಮ್ಮ ಕಥೆಗಳಲ್ಲಿ ರಜೆಗೆ ಬಂದಾಗ ಕಾಣುತ್ತಾರೆ, ಇಲ್ಲವೇ ಟೆಲಿಗ್ರಾಂ ಆಗಿ ಬರುತ್ತಾರೆ. ರಣರಂಗ ಬೇಕೆಂದರೆ ಮತ್ತೆ ಮಹಾಭಾರತಕ್ಕೇ ಹೋಗಬೇಕು. ಕುವೆಂಪು 'ಶ್ಮಶಾನ ಕುರುಕ್ಷೇತ್ರಂ' ಬರೆದು ಯುದ್ಧ ಮುಗಿದ ಮೇಲಿನ ಬಯಲು ತೋರಿಸಿದರು. ಭೈರಪ್ಪನವರ 'ಪರ್ವ' 1979ರಲ್ಲಿ ಬಂದಾಗ ಕುರುಕ್ಷೇತ್ರಕ್ಕೆ ಮೊದಲ ಬಾರಿಗೆ ನಾತ ಬಂತು. ನೊಣ, ಹಸಿವು, ಕೊಳೆತ ಹೆಣ ಎಲ್ಲ ಬಂದವು.

ದೊಡ್ಡಪ್ಪನ ಹತ್ತಿರ ಯುದ್ಧದ ಇನ್ನೊಂದು ಕಥೆಯೂ ಇತ್ತು, ಚಹಾ ಕುಡಿಯುವ ಮಗ್ಗಿನದು. ಅದನ್ನು ಹೇಳಿದ್ದು ಲಾಲ್‌ಬಾಗಿನಲ್ಲಿ. ಕಥೆಗಿಂತ ಮೊದಲು ಇನ್ನೊಂದು ವಿಷಯ. ಅವರು ಯಾವತ್ತೂ ಹುಲ್ಲಿನ ಮೇಲೆ ನಡೆಯುವುದಿಲ್ಲ. ಎಷ್ಟೇ ಸುತ್ತಾದರೂ ಡಾಂಬರು ದಾರಿಯಲ್ಲೇ ಬರುತ್ತಾರೆ. ಹುಲ್ಲಿಗೆ ಕಾಲಿಡಬೇಡಿ ಅನ್ನುವ ಬೋರ್ಡಿಗೆ ಮರ್ಯಾದೆ ಕೊಡುತ್ತಾರೆ, ಮಿಲಿಟರಿ ಶಿಸ್ತು ಅಂತ ನಾನು ಅಂದುಕೊಂಡಿದ್ದೆ. ಆರ್.ಟಿ. ನಗರದ ಮನೆ ಕಟ್ಟಿಸಿದಾಗ ಅಂಗಳಕ್ಕೆಲ್ಲ ಸಿಮೆಂಟ್ ಹಾಕಿಸಿಬಿಟ್ಟರು. ತುಳಸಿಗೂ ಮಣ್ಣು ಬಿಡಲಿಲ್ಲ ಅಂತ ದೊಡ್ಡಮ್ಮ ಇವತ್ತಿಗೂ ಗೊಣಗುತ್ತಾ ಡಬ್ಬಗಳಲ್ಲಿ ಗಿಡ ಬೆಳೆಸುತ್ತಾರೆ. ಊರಿಗೆ ಹೋದರೆ ಉತ್ತ ಹೊಲದಲ್ಲಿ ಇಳಿಯುವುದಿಲ್ಲ, ಬದುವಿನ ಮೇಲೇ ನಡೆಯುತ್ತಾರೆ. ಇಷ್ಟೂ ನನಗೆ ಬೇರೆ ಬೇರೆಯಾಗಿ ಗೊತ್ತಿತ್ತು. ಜೋಡಿಸಿರಲಿಲ್ಲ.

ಅವತ್ತು ಅಡ್ಡದಾರಿ ಹಿಡಿದು ಹುಲ್ಲು ದಾಟೋಣ ಬನ್ನಿ ಅಂತ ಕೈ ಹಿಡಿದೆಳೆದೆ. ಅವರು ಅಲ್ಲೇ ನಿಂತರು. ಕಲ್ಲು ಬೆಂಚಿನ ಮೇಲೆ ಕೂತರು. ಕೇಳದೆಯೇ ಹೇಳಿದರು.

ನೆಲಬಾಂಬಿನ ಮಧ್ಯೆ ದಾರಿ ಮಾಡುವಾಗ ಹೊಟ್ಟೆ ಮೇಲೆ ಮಲಗಿ ತೆವಳಬೇಕು. ಕೈಯಲ್ಲಿ ಚೂಪು ಸಲಾಕೆ. ಅದನ್ನು ನೆಟ್ಟಗೆ ಚುಚ್ಚಬಾರದು, ಓರೆಯಾಗಿ ಚುಚ್ಚಬೇಕು. ಆಗ ಅದು ಬಾಂಬಿನ ನೆತ್ತಿಗೆ ತಾಗದೆ ಪಕ್ಕೆಗೆ ತಾಗುತ್ತದೆ. ಚುಚ್ಚು, ತಡವು, ಬೆರಳಗಲ ಮುಂದೆ ಹೋಗು, ಮತ್ತೆ ಚುಚ್ಚು. ಟ್ಯಾಂಕಿಗೆ ಹೂತ ದೊಡ್ಡವು ಮನುಷ್ಯನ ಭಾರಕ್ಕೆ ಸಿಡಿಯುವುದಿಲ್ಲ. ಅವುಗಳ ನಡುವೆ ಮನುಷ್ಯರಿಗೆಂದೇ ಹೂತ ಚಿಕ್ಕವು ಇರುತ್ತವೆ. ಸರಿಮಾಡಿದ ದಾರಿಗೆ ಎರಡೂ ಕಡೆ ಬಿಳಿ ಪಟ್ಟಿ ಎಳೆಯುತ್ತಾ ಬರಬೇಕು. ರಾತ್ರಿ. ಡಿಸೆಂಬರ್ ಚಳಿ. ಹಿಂದೆ ಟ್ಯಾಂಕುಗಳು ಕಾಯುತ್ತಿವೆ.

"ಭಯ ಆಗ್ಲಿಲ್ವಾ ದೊಡ್ಡಪ್ಪ?"

"ಮಗ್ಗಿನ ಯೋಚನೆ ಕಣಮ್ಮ ನಂಗೆ."

"ಮಗ್ಗಾ?"

"ಎನಾಮಲ್ ಮಗ್ಗು. ಲಾರಿ ಫುಟ್‌ಬೋರ್ಡ್ ಮೇಲೆ ಇಟ್ಟು ಬಂದುಬಿಟ್ಟಿದ್ದೆ. ಲಾರಿ ಹೊರಟ್ರೆ ಬಿದ್ದೋಗುತ್ತಲ್ಲ, ಯಾರಾದ್ರೂ ಎತ್ಕೊಂಡು ಹೋದ್ರೆ ಬೆಳಿಗ್ಗೆ ಚಾಕ್ಕೆ ಏನ್ ಮಾಡೋದು ಅಂತ. ರಾತ್ರಿ ಪೂರ್ತಿ ಅದೇ. ಚುಚ್ಚೋದು, ಮಗ್ಗು. ಚುಚ್ಚೋದು, ಮಗ್ಗು."

ನನಗೆ ನಗು ಬಂತು. ಅವರೂ ನಕ್ಕರು. ಇದು ಸಾಂಬಾರಿನ ಕಥೆಗಿಂತ ಒಳ್ಳೆಯ ಕಥೆ ಅನ್ನಿಸಿತು. ಭಯಕ್ಕೆ ಮಗ್ಗಿನ ವೇಷ ಹಾಕಿ ಕೂರಿಸಿದ ಆ ಮನಸ್ಸು ಎಷ್ಟು ಜಾಣ ಅಂತ ಮನೆಗೆ ಬಂದು ಡೈರಿಯಲ್ಲಿ ಬರೆದುಕೊಂಡೆ. ಆ ವಾಕ್ಯದ ಬಗ್ಗೆ ಸ್ವಲ್ಪ ಹೆಮ್ಮೆಯೂ ಪಟ್ಟೆ.

ಹೋದ ತಿಂಗಳು 'ಯುದ್ಧ ಮತ್ತು ಶಾಂತಿ'ಯ ಓ.ಎಲ್. ನಾಗಭೂಷಣ ಸ್ವಾಮಿಯವರ ಕನ್ನಡ ಅನುವಾದ ಹಿಡಿದುಕೊಂಡು ದೊಡ್ಡಪ್ಪನ ಮನೆಗೆ ಹೋದೆ. ಅವರಿಗೀಗ ಸಣ್ಣಕ್ಷರ ಕಾಣುವುದಿಲ್ಲ. ವರಾಂಡದಲ್ಲಿ ಕೂತು ರಸ್ತೋವ್ ಓಡುವ ಭಾಗ ಓದಿ ಹೇಳಿದೆ. ಪಿಸ್ತೂಲು ಎಸೆದ ಕಡೆ ಅವರು ಕೈ ಎತ್ತಿ ತಡೆದರು.

"ಪಿಸ್ತೂಲ್ ವಾಪಸ್ ಸಿಕ್ತಾ ಅವನಿಗೆ?"

"ಗೊತ್ತಿಲ್ಲ ದೊಡ್ಡಪ್ಪ."

"ಆಯುಧ ಕಳ್ಕೊಂಡ್ರೆ ಕೋರ್ಟ್ ಆಫ್ ಎನ್‌ಕ್ವೈರಿ ಆಗುತ್ತೆ. ರಷ್ಯಾದಲ್ಲೂ ಆಗಿರುತ್ತೆ. ಓದು ಮುಂದೆ."

ಅವನು ಗೆಳೆಯರ ಮುಂದೆ ಕಥೆ ಹೇಳುತ್ತಾ ಹೇಳುತ್ತಾ ಜಾರಿಹೋಗುವ ಭಾಗ ಓದಿದೆ. ದೊಡ್ಡಪ್ಪ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಬಂತೇನೋ ಅಂತ ಪುಸ್ತಕ ಮುಚ್ಚಿದೆ. ಒಳಗೆ ಕುಕ್ಕರ್ ಕೂಗಿತು. ಎರಡನೇ ಕೂಗಿಗೆ ಅವರು ಕಣ್ಣು ಬಿಡದೆಯೇ ಮಾತಾಡಿದರು.

"ಮಗ್ಗು ಅಂದಿದ್ನಲ್ಲ ನಿಂಗೆ."

"ಹೂಂ."

"ಅದು ನಂದಲ್ಲ ಕಣಮ್ಮ. ಪಕ್ಕದ ಲೇನಲ್ಲಿ ಇದ್ದೋನ್ದು. ಬೆಳಿಗ್ಗೆ ಬಂದ್ ನೋಡ್ದೆ, ಫುಟ್‌ಬೋರ್ಡ್ ಮೇಲೆ ಹಂಗೇ ಇತ್ತು."

ನಾನು ಏನೂ ಕೇಳಲಿಲ್ಲ. ಅಷ್ಟರಲ್ಲಿ ಟ್ಯಾಂಕ್ ತುಂಬಿ ಮೇಲಿಂದ ನೀರು ಸುರಿಯಲು ಶುರುವಾಯಿತು. ಮೋಟರ್ ಆಫ್ ಮಾಡ್ರೀ ಅಂತ ದೊಡ್ಡಮ್ಮ ಒಳಗಿಂದ ಕೂಗಿದರು. ದೊಡ್ಡಪ್ಪ ಎದ್ದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ನೀರು ಹರಿಯುತ್ತಿದ್ದ ಸಿಮೆಂಟಿನ ಮೇಲೆ ನಿಧಾನಕ್ಕೆ ಸ್ವಿಚ್ಚಿನ ಕಡೆ ನಡೆದರು.